ಸಬ್ಸಿಡಿ ಅರ್ಜಿಗೆ ಮೊದಲು ಮಾಡಬೇಕಾದ ಲೆಕ್ಕ

ಸಣ್ಣ ಉದ್ದಿಮೆಗೆ ಸಹಾಯಧನ ಕೊಡುವ ಯೋಜನೆಗಳಿಗೆ ಬರವಿಲ್ಲ. ಅರ್ಜಿ ಬೀಳುವುದು ಹೆಚ್ಚಾಗಿ ಕೆಲಸಗಳ ಕ್ರಮ ತಪ್ಪಿದಾಗ. ಸಾಲ ಮಂಜೂರಾಗುವ ಮೊದಲೇ ಯಂತ್ರ ಕೊಂಡಿರುತ್ತಾರೆ. ಹೊಸ ಘಟಕಗಳಿಗಷ್ಟೇ ಇರುವ ಯೋಜನೆಗೆ ಎರಡು ವರ್ಷದ ಹಳೆಯ ಘಟಕದಿಂದ ಅರ್ಜಿ ಹಾಕಿರುತ್ತಾರೆ. ಇಲ್ಲವೇ ಸಬ್ಸಿಡಿ ಹಣ ಬಂದ ಮೇಲೆ ಅದರಿಂದಲೇ ಕೆಲಸ ಶುರು ಮಾಡುವ ಲೆಕ್ಕದಲ್ಲಿರುತ್ತಾರೆ. ಆ ಹಣ ಮೊದಲು ಕೈಗೆ ಬರುವುದೇ ಇಲ್ಲ. ಹೀಗಾಗಿ ಯೋಜನೆಯ ಹೆಸರು ಹುಡುಕುವ ಮೊದಲು, ಯಾವ ಹಣ ಯಾವಾಗ ಬರುತ್ತದೆ ಎಂಬುದನ್ನು ತಿಳಿದುಕೊಳ್ಳಿ.

ನಾಲ್ಕು ಬಗೆಯ ಹಣ, ಒಂದೇ ಹೆಸರು

ಜನ ‘ಸಬ್ಸಿಡಿ’ ಎಂದು ಕರೆಯುವುದರಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳಿವೆ.

ಒಂದನೆಯದು ನೇರ ಅನುದಾನ. ಮರಳಿ ಕಟ್ಟಬೇಕಿಲ್ಲ, ಬ್ಯಾಂಕ್ ಸಾಲವೂ ಬೇಕಿಲ್ಲ. ಇದು ಬಹುಮಟ್ಟಿಗೆ ಹೊಸ ತಂತ್ರಜ್ಞಾನದ ನವೋದ್ಯಮಗಳಿಗೆ ಮೀಸಲು. ಕೇಂದ್ರದ ಸ್ಟಾರ್ಟ್‌ಅಪ್ ಇಂಡಿಯಾ ಸೀಡ್ ಫಂಡ್‌ನಲ್ಲಿ ಕಲ್ಪನೆಯನ್ನು ಮಾದರಿಯಾಗಿಸಲು 20 ಲಕ್ಷ ರೂಪಾಯಿವರೆಗೆ ಅನುದಾನವಿದೆ. ಕಂಪನಿ ನೋಂದಣಿಯಾಗಿ ಎರಡು ವರ್ಷ ಮೀರಿರಬಾರದು, ಅರ್ಜಿಯೂ ಇನ್‌ಕ್ಯುಬೇಟರ್ (ನವೋದ್ಯಮಗಳನ್ನು ಬೆಳೆಸುವ ಮಾನ್ಯ ಸಂಸ್ಥೆ) ಮೂಲಕವೇ ಹೋಗಬೇಕು. ಕರ್ನಾಟಕ ಸರ್ಕಾರದ ಎಲಿವೇಟ್‌ನಲ್ಲಿ 50 ಲಕ್ಷದವರೆಗೆ ಸಿಗುತ್ತದೆ, ಆದರೆ ಅದು ಸ್ಪರ್ಧೆ. ಹಿಟ್ಟಿನ ಗಿರಣಿಗೋ ಟೈಲರಿಂಗ್ ಘಟಕಕ್ಕೋ ಈ ಬಾಗಿಲು ತೆರೆಯುವುದಿಲ್ಲ.

ಎರಡನೆಯದು ಸಾಲಕ್ಕೆ ಜೋಡಿಸಿದ ಬಂಡವಾಳ ಸಬ್ಸಿಡಿ. ಬ್ಯಾಂಕ್ ಸಾಲ ಕೊಟ್ಟರೆ ಮಾತ್ರ ಸರ್ಕಾರದ ಪಾಲು ಬರುತ್ತದೆ. ಉತ್ಪಾದನೆ, ಸೇವೆ, ಆಹಾರ ಸಂಸ್ಕರಣೆಯ ಸಣ್ಣ ಘಟಕಗಳಿಗೆ ನಿಜವಾಗಿ ಒದಗುವುದು ಇದೇ.

ಮೂರನೆಯದು ಬಡ್ಡಿ ರಿಯಾಯಿತಿ. ಕೃಷಿ ಮೂಲಸೌಕರ್ಯ ನಿಧಿಯಲ್ಲಿ 2 ಕೋಟಿವರೆಗಿನ ಸಾಲಕ್ಕೆ ವರ್ಷಕ್ಕೆ ಶೇ 3ರಂತೆ ಏಳು ವರ್ಷ ಬಡ್ಡಿ ಇಳಿಯುತ್ತದೆ. ಪಿಎಂ ವಿಶ್ವಕರ್ಮದಲ್ಲಿ 18 ಕಸುಬುಗಳ ಕುಶಲಕರ್ಮಿಗಳಿಗೆ ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷ ಸಾಲ ಸಿಗುತ್ತದೆ. ಉಪಕರಣಕ್ಕೆಂದು 15,000 ರೂಪಾಯಿಯ ಇ-ವೋಚರ್ ಪ್ರತ್ಯೇಕ.

ನಾಲ್ಕನೆಯದು ಸಬ್ಸಿಡಿಯೇ ಅಲ್ಲ. ಮುದ್ರಾ ಯೋಜನೆಯಲ್ಲಿ ಜಾಮೀನಿಲ್ಲದ ಸಾಲ ಉಂಟು, ಆದರೆ ಅದರಲ್ಲಿ ಒಂದು ರೂಪಾಯಿಯ ಮನ್ನಾವೂ ಇಲ್ಲ. ‘ಮುದ್ರಾದಲ್ಲಿ ಶೇ 35 ಸಬ್ಸಿಡಿ ಮಾಡಿಸಿಕೊಡುತ್ತೇವೆ’ ಎನ್ನುವವರ ಜೊತೆ ಮಾತು ಅಲ್ಲಿಗೇ ನಿಲ್ಲಿಸಿ.

ಎಲ್ಲಿ ಹುಡುಕುವುದು

ಹುಡುಕಾಟಕ್ಕೆ ಮುನ್ನ ಐದು ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಘಟಕ ಹೊಸದೋ, ನಡೆಯುತ್ತಿರುವುದೋ? ಏನು ತಯಾರಿಸುತ್ತದೆ? ಜಾಗ ಗ್ರಾಮ ಪಂಚಾಯಿತಿ ವ್ಯಾಪ್ತಿಯದೋ, ಪುರಸಭೆಯದೋ? ಅರ್ಜಿದಾರರ ಲಿಂಗ, ಜಾತಿ ವರ್ಗ, ವಯಸ್ಸು, ಓದು ಏನು? ಒಟ್ಟು ಖರ್ಚಿನಲ್ಲಿ ಯಂತ್ರಕ್ಕೆಷ್ಟು, ಕಟ್ಟಡಕ್ಕೆಷ್ಟು, ದುಡಿಯುವ ಬಂಡವಾಳಕ್ಕೆ (ಕಚ್ಚಾವಸ್ತು, ಕೂಲಿಯಂಥ ದಿನನಿತ್ಯದ ಖರ್ಚಿಗೆ) ಎಷ್ಟು?

ಕೇಂದ್ರದ ಮೈಸ್ಕೀಮ್ ಪೋರ್ಟಲ್‌ನಲ್ಲಿ ಈ ವಿವರ ಕೊಟ್ಟರೆ ಹೊಂದುವ ಯೋಜನೆಗಳ ಪಟ್ಟಿ ಬರುತ್ತದೆ. ಅದು ಆರಂಭಕ್ಕೆ ಸಾಕು, ತೀರ್ಮಾನಕ್ಕೆ ಸಾಲದು. ಮುಂದಿನ ಹೆಜ್ಜೆ ಸಂಬಂಧಪಟ್ಟ ಕಚೇರಿ. ಸಾಮಾನ್ಯ ಉತ್ಪಾದನೆ ಮತ್ತು ಸೇವೆಗೆ ಜಿಲ್ಲಾ ಕೈಗಾರಿಕಾ ಕೇಂದ್ರ ಅಥವಾ ಖಾದಿ ಮಂಡಳಿ. ಆಹಾರ ಸಂಸ್ಕರಣೆಗೆ ಕೃಷಿ ಇಲಾಖೆ ಮತ್ತು ಕೆಪೆಕ್ (ಕೃಷಿ ಉತ್ಪನ್ನಗಳ ಸಂಸ್ಕರಣೆ ಮತ್ತು ರಫ್ತಿನ ರಾಜ್ಯ ನಿಗಮ), ಅಲ್ಲಿ ಪ್ರತಿ ಜಿಲ್ಲೆಗೂ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಕುರಿ, ಮೇಕೆ, ಹಂದಿ, ನಾಟಿ ಕೋಳಿ ಸಾಕಣೆಗೆ ಪಶುಪಾಲನಾ ಇಲಾಖೆ. ಅಲ್ಲಿನ ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಶೇ 50 ಸಬ್ಸಿಡಿ ಇದ್ದು, ಕುರಿ-ಮೇಕೆ ತಳಿ ಘಟಕಕ್ಕೆ 100 ಹೆಣ್ಣು, 5 ಗಂಡಿನಿಂದ ಹಿಡಿದು 500 ಹೆಣ್ಣು, 25 ಗಂಡಿನವರೆಗೆ ಅಳತೆ ನಿಗದಿಯಾಗಿದೆ. ಹಿಂದುಳಿದ ವರ್ಗ, ಪರಿಶಿಷ್ಟ ಜಾತಿ-ಪಂಗಡ, ಅಲ್ಪಸಂಖ್ಯಾತ, ಮಹಿಳಾ ಅಭಿವೃದ್ಧಿ ನಿಗಮಗಳ ಯೋಜನೆಗಳಿಗೆ ವರ್ಷದಲ್ಲಿ ಕೆಲವೇ ವಾರ ಅರ್ಜಿ ಕರೆಯುತ್ತಾರೆ. ಅಧಿಸೂಚನೆ ಬಂದ ಮೇಲೆ ದಾಖಲೆ ಹೊಂದಿಸಲು ಹೊರಟರೆ ಜಾತಿ, ಆದಾಯ ಪ್ರಮಾಣಪತ್ರ ಕೈಸೇರುವಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಎಲ್ಲಿಗೆ ಹೋದರೂ ಕರಪತ್ರ ತರಬೇಡಿ, ಮಾರ್ಗಸೂಚಿ ಕೇಳಿ ತನ್ನಿ. ಅದರಲ್ಲಿ ಮೊದಲು ಓದಬೇಕಾದದ್ದು ಅವಧಿ. ಸಾಲಕ್ಕೆ ಜೋಡಿಸಿದ ಸಬ್ಸಿಡಿಯ ಎರಡು ಮುಖ್ಯ ಯೋಜನೆಗಳಾದ ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ) ಮತ್ತು ಪಿಎಂಎಫ್‌ಎಂಇ (ಕಿರು ಆಹಾರ ಸಂಸ್ಕರಣಾ ಘಟಕಗಳ ಯೋಜನೆ) ಎರಡರ ಮಾರ್ಗಸೂಚಿಯೂ 2025-26ರ ಕೊನೆಯವರೆಗಿನ ಅವಧಿಗೆ ರೂಪಿಸಿದ್ದು. ಅವಧಿ ಬದಲಾದಾಗ ಮಿತಿಗಳೂ ಬದಲಾಗುತ್ತವೆ. ಪಿಎಂಇಜಿಪಿಯ ಉತ್ಪಾದನಾ ಮಿತಿ 2022ರಲ್ಲಿ 25 ಲಕ್ಷದಿಂದ 50 ಲಕ್ಷಕ್ಕೆ ಏರಿದ್ದು ಹೀಗೆಯೇ. ಆಮೇಲೆ ನಿಷೇಧಿತ ಉದ್ದಿಮೆಗಳ ಪಟ್ಟಿ ನೋಡಿ, ಬೀಡಿ, ಪಾನ್, ಮದ್ಯಕ್ಕೆ ಸಂಬಂಧಿಸಿದವು ಅಲ್ಲಿರುತ್ತವೆ. ಕೊನೆಯಲ್ಲಿ, ‘ಯೋಜನಾ ವೆಚ್ಚ’ ಎಂದರೆ ಏನು ಎಂಬ ವ್ಯಾಖ್ಯೆಯನ್ನು ಎರಡು ಸಲ ಓದಿ. ದುಡ್ಡಿನ ಲೆಕ್ಕವೆಲ್ಲ ಅಡಗಿರುವುದು ಅಲ್ಲೇ.

ಶೇಕಡಾ ಕಂಡು ಮರುಳಾಗಬೇಡಿ

ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಒಬ್ಬ ಮಹಿಳೆ 10 ಲಕ್ಷದ ಮಸಾಲೆ ಪುಡಿ ಘಟಕ ತೆರೆಯುತ್ತಾರೆ ಎಂದುಕೊಳ್ಳೋಣ. ಯಂತ್ರಗಳಿಗೆ 7 ಲಕ್ಷ, ದುಡಿಯುವ ಬಂಡವಾಳಕ್ಕೆ 3 ಲಕ್ಷ.

ಪಿಎಂಇಜಿಪಿಯಲ್ಲಿ ಮಹಿಳೆ, ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರು, ಮಾಜಿ ಸೈನಿಕರು, ಅಂಗವಿಕಲರು ವಿಶೇಷ ವರ್ಗಕ್ಕೆ ಸೇರುತ್ತಾರೆ. ಇವರಿಗೆ ಗ್ರಾಮೀಣದಲ್ಲಿ ಶೇ 35, ನಗರದಲ್ಲಿ ಶೇ 25. ಸಾಮಾನ್ಯ ವರ್ಗಕ್ಕೆ ಗ್ರಾಮೀಣದಲ್ಲಿ ಶೇ 25, ನಗರದಲ್ಲಿ ಶೇ 15. ಸ್ವಂತ ಬಂಡವಾಳ ವಿಶೇಷ ವರ್ಗಕ್ಕೆ ಶೇ 5, ಸಾಮಾನ್ಯಕ್ಕೆ ಶೇ 10. ಇಲ್ಲಿ ದುಡಿಯುವ ಬಂಡವಾಳವೂ ಯೋಜನಾ ವೆಚ್ಚದೊಳಗೆ ಬರುತ್ತದೆ. ಆದ್ದರಿಂದ 10 ಲಕ್ಷಕ್ಕೆ ಸಬ್ಸಿಡಿ 3.5 ಲಕ್ಷ, ಕೈಯಿಂದ ಹಾಕಬೇಕಾದ್ದು 50 ಸಾವಿರ.

ಪಿಎಂಎಫ್‌ಎಂಇಯಲ್ಲಿ ಯೋಜನೆಯ ಶೇ 35ಕ್ಕೆ ಕರ್ನಾಟಕ ಹೆಚ್ಚುವರಿಯಾಗಿ ಶೇ 15 ಸೇರಿಸುತ್ತದೆ. ಒಟ್ಟು ಶೇ 50, ಗರಿಷ್ಠ 15 ಲಕ್ಷ. ಕೇಳಲು ಇದೇ ದೊಡ್ಡದು. ಆದರೆ ದುಡಿಯುವ ಬಂಡವಾಳಕ್ಕೆ ಇಲ್ಲಿ ಸಬ್ಸಿಡಿ ಇಲ್ಲ. 7 ಲಕ್ಷದ ಅರ್ಧ ಎಂದರೆ ಅದೇ 3.5 ಲಕ್ಷ, ಸ್ವಂತ ಪಾಲು ಮಾತ್ರ ಶೇ 10. ಈಕೆಗೆ ಎರಡೂ ಒಂದೇ, ಕೈಯಲ್ಲಿ ಹಣ ಕಡಿಮೆಯಿದ್ದರೆ ಪಿಎಂಇಜಿಪಿಯೇ ಮೇಲು. ಅದೇ ಘಟಕ ನಗರದಲ್ಲಿದ್ದು ಅರ್ಜಿದಾರ ಸಾಮಾನ್ಯ ವರ್ಗದ ಪುರುಷನಾದರೆ ಪಿಎಂಇಜಿಪಿಯಲ್ಲಿ 1.5 ಲಕ್ಷ, ಪಿಎಂಎಫ್‌ಎಂಇಯಲ್ಲಿ 3.5 ಲಕ್ಷ. ಮಾತು ಅಲ್ಲಿಗೆ ಮುಗಿಯಿತು.

ಇನ್ನೆರಡು ಅಂಶಗಳು ಈ ಲೆಕ್ಕವನ್ನು ಕದಲಿಸುತ್ತವೆ. ಪಿಎಂಇಜಿಪಿಯಲ್ಲಿ ಜಮೀನಿನ ಬೆಲೆ ಯೋಜನಾ ವೆಚ್ಚಕ್ಕೆ ಸೇರುವುದಿಲ್ಲ, ಶೆಡ್ಡಿನ ಬಾಡಿಗೆಯನ್ನು ಗರಿಷ್ಠ ಮೂರು ವರ್ಷದ ಮಟ್ಟಿಗೆ ಸೇರಿಸಬಹುದು. ಪಿಎಂಎಫ್‌ಎಂಇಯಲ್ಲಿ ಕಟ್ಟಡ ಕಾಮಗಾರಿ ಅರ್ಹ ವೆಚ್ಚದ ಶೇ 30 ಮೀರುವಂತಿಲ್ಲ. 12 ಲಕ್ಷದ ಶೆಡ್ಡಿನಲ್ಲಿ 6 ಲಕ್ಷದ ಯಂತ್ರ ಇಡುವ ಯೋಚನೆ ಇದ್ದರೆ, ಶೆಡ್ಡಿನ ಬಹುಪಾಲು ಹಣ ನಿಮ್ಮದೇ.

ಎರಡು ಯೋಜನೆಗಳ ಬಂಡವಾಳ ಸಬ್ಸಿಡಿಯನ್ನು ಒಂದೇ ಯಂತ್ರದ ಮೇಲೆ ಪಡೆಯುವ ಯೋಚನೆ ಬೇಡ. ಬೇರೆ ಸರ್ಕಾರಿ ಸಬ್ಸಿಡಿ ಪಡೆದ ಘಟಕಕ್ಕೆ ಪಿಎಂಇಜಿಪಿ ಬಾಗಿಲೇ ಮುಚ್ಚುತ್ತದೆ. ಬಡ್ಡಿ ರಿಯಾಯಿತಿಯ ವಿಚಾರ ಬೇರೆ: ಕೃಷಿ ಮೂಲಸೌಕರ್ಯ ನಿಧಿಯ ಶೇ 3ನ್ನು, ಅರ್ಹ ಚಟುವಟಿಕೆಯಾದರೆ, ಪಿಎಂಎಫ್‌ಎಂಇ ಸಾಲಕ್ಕೂ ಜೋಡಿಸಿಕೊಳ್ಳಬಹುದು. ಇದನ್ನು ಬ್ಯಾಂಕಿನವರು ತಾವಾಗಿ ಹೇಳುವುದು ಅಪರೂಪ, ಕೇಳಬೇಕು.

ದಿನಾಂಕಗಳು

ಪಿಎಂಇಜಿಪಿಯ ಮೊದಲ ಸಾಲ ಹೊಸ ಘಟಕಕ್ಕೆ ಮಾತ್ರ. ಮಂಜೂರಾತಿಗೆ ಮುಂಚಿನ ಯಂತ್ರದ ಬಿಲ್ಲು, ಹಳೆಯ ಜಿಎಸ್‌ಟಿ ವಹಿವಾಟು, ಉದ್ಯಮ್ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಪ್ರಮಾಣಪತ್ರದಲ್ಲಿ ಎರಡು ವರ್ಷ ಹಿಂದಿನ ‘ವ್ಯವಹಾರ ಆರಂಭ’ ದಿನಾಂಕ, ಇವೆಲ್ಲ ಘಟಕ ಹಳೆಯದು ಎಂಬುದಕ್ಕೆ ನೀವೇ ಒದಗಿಸಿದ ಸಾಕ್ಷಿ. ಯಂತ್ರ ಮಾರುವವರು ‘ಈ ವಾರ ಮುಂಗಡ ಕೊಟ್ಟರೆ ರಿಯಾಯಿತಿ’ ಎಂದು ಅವಸರಿಸುತ್ತಾರೆ. ಆ ರಿಯಾಯಿತಿಗೆ ಆಸೆಪಟ್ಟರೆ ಕಳೆದುಕೊಳ್ಳುವುದು ಲಕ್ಷಗಳಲ್ಲಿ. ನಡೆಯುತ್ತಿರುವ ಆಹಾರ ಘಟಕದವರಿಗೆ ಪಿಎಂಎಫ್‌ಎಂಇ ಸರಿ, ಅದು ಹಳೆಯದು ಹೊಸದು ಎರಡಕ್ಕೂ ಇದೆ.

ಗ್ರಾಮೀಣವೋ ನಗರವೋ ಎಂಬುದನ್ನು ತೀರ್ಮಾನಿಸುವುದು ಘಟಕದ ಜಾಗ, ಅರ್ಜಿದಾರರ ಮನೆಯಲ್ಲ. ಇತ್ತೀಚೆಗೆ ಪಟ್ಟಣ ಪಂಚಾಯಿತಿಗೆ ಸೇರಿದ ಹಳ್ಳಿಯಾದರೆ ಶೇ 10 ಅಂತರ ಬೀಳುತ್ತದೆ. ಬಾಡಿಗೆ ಕರಾರು ಬರೆಸುವ ಮುನ್ನವೇ ಖಚಿತ ಮಾಡಿಕೊಳ್ಳಿ.

ಪಿಎಂಇಜಿಪಿಯಲ್ಲಿ ಗಂಡ-ಹೆಂಡತಿಯಲ್ಲಿ ಒಬ್ಬರಿಗೆ ಮಾತ್ರ ಅವಕಾಶ. ಹೆಂಡತಿಯ ಹೆಸರಲ್ಲಿ ಹಾಕಿದರೆ ಶೇ 10 ಹೆಚ್ಚು ಎಂದು ಹಾಕುವವರು ಗಮನಿಸಿ: ತರಬೇತಿಗೆ ಕೂರಬೇಕಾದ್ದು, ಬ್ಯಾಂಕಿನ ಪ್ರಶ್ನೆಗೆ ಉತ್ತರಿಸಬೇಕಾದ್ದು ಅವರೇ. ಕಚ್ಚಾವಸ್ತುವಿನ ದರ ಗೊತ್ತಿಲ್ಲದ ಅರ್ಜಿದಾರರನ್ನು ಮ್ಯಾನೇಜರ್ ಐದು ನಿಮಿಷದಲ್ಲಿ ಗುರುತಿಸುತ್ತಾರೆ. ಓದಿನ ಷರತ್ತೂ ಉಂಟು. ಉತ್ಪಾದನೆಯಲ್ಲಿ 10 ಲಕ್ಷ, ಸೇವೆಯಲ್ಲಿ 5 ಲಕ್ಷ ಮೀರಿದ ಯೋಜನೆಗೆ ಕನಿಷ್ಠ ಎಂಟನೇ ತರಗತಿ ಪಾಸಾಗಿರಬೇಕು.

ಬ್ಯಾಂಕ್ ಒಪ್ಪುವ ಅರ್ಜಿ

ಇಲಾಖೆ ಅರ್ಜಿಯನ್ನು ಮುಂದಕ್ಕೆ ಕಳಿಸುತ್ತದೆ, ಸಾಲ ಕೊಡುವುದು ಬಿಡುವುದು ಬ್ಯಾಂಕಿನ ತೀರ್ಮಾನ. ಪೋರ್ಟಲ್‌ನಲ್ಲಿ ಅರ್ಜಿ ತುಂಬುವುದಕ್ಕೂ ಮುಂಚೆ ಆ ಶಾಖೆಗೆ ಒಮ್ಮೆ ಹೋಗಿ ಬನ್ನಿ. ನಿಮ್ಮ ಘಟಕದ ಜಾಗ ಆ ಶಾಖೆಯ ಸೇವಾ ವ್ಯಾಪ್ತಿಯಲ್ಲಿ ಇಲ್ಲದಿದ್ದರೆ ಅರ್ಜಿ ತಿಂಗಳುಗಟ್ಟಲೆ ಕೂತು ವಾಪಸ್ ಬರುತ್ತದೆ. ಪಿಎಂಇಜಿಪಿ ಅರ್ಜಿಯಲ್ಲಿ ಪರ್ಯಾಯ ಬ್ಯಾಂಕಿನ ಹೆಸರು ಕೇಳುತ್ತಾರೆ. ಅಲ್ಲಿ ಅದೇ ಬ್ಯಾಂಕಿನ ಪಕ್ಕದ ಶಾಖೆಯ ಬದಲು ಬೇರೆ ಬ್ಯಾಂಕನ್ನೇ ಕೊಡಿ.

ಯೋಜನಾ ವರದಿಯನ್ನು ಸಿದ್ಧ ನಮೂನೆಯಿಂದ ನಕಲು ಮಾಡಿದರೆ ಸಿಕ್ಕಿಬೀಳುವುದು ಮೂರು ಕಡೆ. ಯಂತ್ರದ ಸಾಮರ್ಥ್ಯ ಗಂಟೆಗೆ 50 ಕಿಲೋ ಇದ್ದು, ಮಾರಾಟದ ಅಂದಾಜು ದಿನಕ್ಕೆ ಒಂದು ಟನ್ ಇರುತ್ತದೆ. ಹತ್ತು ಅಶ್ವಶಕ್ತಿಯ ಮೋಟಾರಿಗೆ ಮನೆಯ ವಿದ್ಯುತ್ ಸಂಪರ್ಕ ತೋರಿಸಿರುತ್ತಾರೆ. ಕೊಟೇಶನ್ ಕೊಟ್ಟ ಸಂಸ್ಥೆಯ ಜಿಎಸ್‌ಟಿ ನೋಂದಣಿ ರದ್ದಾಗಿರುತ್ತದೆ. ಮೊದಲ ವರ್ಷ ಸಾಮರ್ಥ್ಯದ ಶೇ 50-60ರಷ್ಟೇ ಬಳಕೆ ತೋರಿಸಿ. ಕಂತಿಗೆ ಬೇಕಾದ ಹಣದ ಒಂದೂವರೆ ಪಟ್ಟಾದರೂ ವರ್ಷಕ್ಕೆ ಉಳಿಯುವಂತಿದ್ದರೆ ಬ್ಯಾಂಕಿಗೆ ಸಮಾಧಾನ. ಅಷ್ಟು ಉಳಿಯದಿದ್ದರೆ ಅಂಕಿ ತಿದ್ದಬೇಡಿ, ಯಂತ್ರದ ಗಾತ್ರ ಇಳಿಸಿ.

ಕ್ರೆಡಿಟ್ ವರದಿಯನ್ನು ಮೊದಲೇ ತೆಗೆಸಿ ನೋಡಿ. ಎಂದೋ ಜಾಮೀನು ಹಾಕಿದ ಸ್ನೇಹಿತರ ಬಾಕಿ, ಮರೆತುಹೋದ ಮೊಬೈಲ್ ಕಂತು ಅಲ್ಲಿ ಕಾಣಿಸುತ್ತವೆ. ತೀರಿಸಿದರೂ ದಾಖಲೆ ಸರಿಹೋಗಲು ಸಮಯ ಬೇಕು. ಸ್ವಂತ ಪಾಲಿನ ಹಣವೂ ಖಾತೆಯಲ್ಲೇ ಕಾಣಬೇಕು, ‘ಮನೆಯಲ್ಲಿದೆ’ ಎಂದರೆ ಲೆಕ್ಕಕ್ಕಿಲ್ಲ.

ಅರ್ಜಿಗೆ ಶುಲ್ಕವಿಲ್ಲ, ಉದ್ಯಮ್ ನೋಂದಣಿಯೂ ಉಚಿತ. ಸರ್ಕಾರಿ ಪೋರ್ಟಲ್‌ನಂತೆಯೇ ಕಾಣುವ ಖಾಸಗಿ ತಾಣಗಳು ಇದಕ್ಕೆ ಹಣ ಕೇಳುತ್ತವೆ, ಉದ್ಯಮ್‌ನ ಅಧಿಕೃತ ವಿಳಾಸದ ಕೊನೆಯಲ್ಲಿ ‘ಡಾಟ್ ಗವ್ ಡಾಟ್ ಇನ್’ ಇರುತ್ತದೆ. ವರದಿ ಬರೆದುಕೊಟ್ಟವರಿಗೆ ಕೂಲಿ ಕೊಡುವುದು ಬೇರೆ, ಸಬ್ಸಿಡಿಯಲ್ಲಿ ಶೇ 10 ಕೇಳುವ ದಲ್ಲಾಳಿ ಬೇರೆ.

ಮಂಜೂರಾದ ಮೇಲೆ

ಮಂಜೂರಾತಿ ಪತ್ರ ಬಂದ ಮೇಲೆ ಉದ್ಯಮಶೀಲತಾ ತರಬೇತಿ. ಪಿಎಂಇಜಿಪಿಯಲ್ಲಿ 5 ಲಕ್ಷ ಮೀರಿದ ಯೋಜನೆಗೆ 10 ದಿನ, ಅದಕ್ಕಿಂತ ಚಿಕ್ಕವಕ್ಕೆ ಕಡಿಮೆ. ಆನ್‌ಲೈನ್‌ನಲ್ಲೂ ಮುಗಿಸಬಹುದು, ಆದರೆ ಹತ್ತಿರದಲ್ಲಿ ರುಡ್‌ಸೆಟ್ ಅಥವಾ ಆರ್‌ಸೆಟಿ (ಬ್ಯಾಂಕ್‌ಗಳು ನಡೆಸುವ ಸ್ವಉದ್ಯೋಗ ತರಬೇತಿ ಕೇಂದ್ರ) ಇದ್ದರೆ ಅಲ್ಲಿಯ ಉಚಿತ ತರಬೇತಿಯೇ ಉಪಯುಕ್ತ.

ಬ್ಯಾಂಕ್ ಯಂತ್ರದ ಹಣವನ್ನು ನೇರವಾಗಿ ಮಾರಾಟಗಾರರಿಗೆ ಕೊಡುತ್ತದೆ. ಮೊದಲ ಕಂತು ಬಿಡುಗಡೆಯಾದ ಮೇಲೆ ಸಬ್ಸಿಡಿಗೆ ಬೇಡಿಕೆ ಸಲ್ಲಿಸುತ್ತದೆ. ಬಂದ ಹಣ ನಿಮ್ಮ ಹೆಸರಿನ ಠೇವಣಿಯಾಗಿ ಮೂರು ವರ್ಷ ಬ್ಯಾಂಕಿನಲ್ಲೇ ಬೀಗದೊಳಗಿರುತ್ತದೆ. ಆ ಠೇವಣಿಗೆ ಬಡ್ಡಿ ಬರುವುದಿಲ್ಲ, ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕುವಂತೆಯೂ ಇಲ್ಲ. ಮೇಲಿನ ಉದಾಹರಣೆಯಲ್ಲಿ ಸಾಲ 9.5 ಲಕ್ಷವಾದರೂ ಬಡ್ಡಿ 6 ಲಕ್ಷಕ್ಕೆ ಮಾತ್ರ. ಸಬ್ಸಿಡಿ ಬಂದ ತಿಂಗಳಿಂದ ಬಡ್ಡಿ ಇಳಿದಿದೆಯೇ ಎಂದು ಸ್ಟೇಟ್‌ಮೆಂಟ್ ತೆಗೆದು ನೋಡಿ. ಇಳಿದಿರದಿದ್ದರೆ ಲಿಖಿತವಾಗಿ ಕೇಳಿ.

ದುಡಿಯುವ ಬಂಡವಾಳದ ಸಾಲ ಸುಮ್ಮನೆ ಇಟ್ಟುಕೊಳ್ಳುವ ಹಣವಲ್ಲ. ಮೂರು ವರ್ಷದೊಳಗೆ ಒಮ್ಮೆಯಾದರೂ ಮಿತಿಯ ಶೇ 100 ಮುಟ್ಟಿರಬೇಕು, ಸರಾಸರಿ ಬಳಕೆ ಶೇ 75ಕ್ಕಿಂತ ಕೆಳಗಿಳಿಯಬಾರದು. ಬೇಕಾದ್ದಕ್ಕಿಂತ ದೊಡ್ಡ ಮಿತಿ ಬರೆಸಿಕೊಂಡವರು ಸಿಕ್ಕಿಕೊಳ್ಳುವುದು ಇಲ್ಲಿ.

ಲೆಕ್ಕಪತ್ರದಲ್ಲಿ, ಯಂತ್ರಕ್ಕೆ ಬಂದ ಸಬ್ಸಿಡಿಯನ್ನು ಯಂತ್ರದ ಬೆಲೆಯಿಂದ ಕಳೆದು ಉಳಿದದ್ದರ ಮೇಲೆ ಮಾತ್ರ ಸವಕಳಿ (ಬಳಕೆಯಿಂದ ವರ್ಷ ವರ್ಷ ಇಳಿಯುವ ಬೆಲೆ) ತೋರಿಸಬೇಕು. ಪೂರ್ತಿ ಬೆಲೆಗೆ ಸವಕಳಿ ಹಾಕಿದರೆ ಆದಾಯ ತೆರಿಗೆಯಲ್ಲಿ ತಕರಾರು ಏಳುತ್ತದೆ.

ನಡುವೆ ಸ್ಥಳ ಪರಿಶೀಲನೆಗೆ ಬರುತ್ತಾರೆ. ಯೋಜನೆಯ ಹೆಸರಿರುವ ಫಲಕ, ಯಂತ್ರದ ಕ್ರಮಸಂಖ್ಯೆಗೆ ಹೊಂದುವ ಬಿಲ್ಲು, ವಿದ್ಯುತ್ ಬಿಲ್ಲು, ಮಾರಾಟದ ದಾಖಲೆ ಒಂದೇ ಕಡತದಲ್ಲಿರಲಿ. ಘಟಕವನ್ನು ಬೇರೆ ಜಾಗಕ್ಕೆ ಸಾಗಿಸಿದ್ದರೆ ಮುಂಚಿತವಾಗಿ ಬ್ಯಾಂಕಿಗೂ ಇಲಾಖೆಗೂ ತಿಳಿಸಿ. ಹಳೆಯ ವಿಳಾಸದಲ್ಲಿ ಬೀಗ ಕಂಡರೆ ‘ಘಟಕ ಇಲ್ಲ’ ಎಂದು ವರದಿ ಹೋಗುತ್ತದೆ, ಠೇವಣಿ ಸರ್ಕಾರಕ್ಕೆ ಮರಳುತ್ತದೆ.

ಮೂರು ವರ್ಷ ತುಂಬಿದ ಕೂಡಲೇ ಠೇವಣಿಯನ್ನು ಸಾಲಕ್ಕೆ ಜಮಾ ಮಾಡಿ ಎಂದು ಶಾಖೆಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಷ್ಟರಲ್ಲಿ ಶಾಖೆಯ ಸಿಬ್ಬಂದಿ ಎರಡು ಸಲ ಬದಲಾಗಿರುತ್ತಾರೆ, ಕಡತ ತೆರೆಯುವವರು ನೀವೇ. ಜಮಾ ಆದ ಮೇಲೆ ಕಂತುಗಳನ್ನು ಮರುಲೆಕ್ಕ ಮಾಡಿಸಿ ಹೊಸ ಕಂತಿನ ಪಟ್ಟಿ ತೆಗೆದುಕೊಳ್ಳಿ. ಮೊದಲ ಸಾಲ ತೀರಿ, ಘಟಕ ಲಾಭದಲ್ಲಿದ್ದರೆ, ವಿಸ್ತರಣೆಗೆಂದು ಪಿಎಂಇಜಿಪಿಯ ಎರಡನೇ ಸಾಲಕ್ಕೆ ಅರ್ಜಿ ಹಾಕಬಹುದು: ಉತ್ಪಾದನೆಗೆ 1 ಕೋಟಿವರೆಗೆ, ಶೇ 15 ಸಬ್ಸಿಡಿಯೊಂದಿಗೆ. ಅದಕ್ಕೆ ಬೇಕಾದ ದಾಖಲೆಗಳು ಆ ಒಂದೇ ಕಡತದಲ್ಲಿ ಆಗಲೇ ಸೇರಿರುತ್ತವೆ.