ಒಂದು ಭಾನುವಾರ, ಎರಡು ನಿಮಿಷದ ವಿಡಿಯೊ

ಧಾರವಾಡದ ಹತ್ತಿರ ನಮ್ಮೂರಿನ ಗ್ರಂಥಾಲಯದಲ್ಲಿ ತಿಂಗಳಿಗೊಂದು ಭಾನುವಾರ ವಿಡಿಯೊ ಕಲಿಸುತ್ತೇನೆ. ನಿಮ್ಮೂರಲ್ಲೂ ಮಾಡಬಹುದು. 12 ಜನ, 3 ತಂಡ, ತಂಡಕ್ಕೊಂದು ಫೋನು, ಒಂದು ಹೆಡ್‌ಫೋನು ಸಾಕು. ಎಲ್ಲರ ಜೇಬಲ್ಲೂ ಫೋನು ಇರುತ್ತದೆ, ನಿಜ. ಆದರೂ ಶೂಟ್ ಮಾಡಲು ನಾಲ್ವರಿಗೆ ಒಂದೇ ಕೊಡಿ. ಒಬ್ಬರು ಶೂಟ್ ಮಾಡಲಿ, ಒಬ್ಬರು ಸದ್ದು ಕೇಳಲಿ, ಒಬ್ಬರು ಮಾತಾಡಿಸಲಿ, ಒಬ್ಬರು ಶಾಟ್ ಬರೆದುಕೊಳ್ಳಲಿ. ಅರ್ಧ ಗಂಟೆಗೊಮ್ಮೆ ಕೆಲಸ ಬದಲಾಗಲಿ.

ಕೈಕೆಲಸವನ್ನೇ ವಿಷಯ ಮಾಡಿಕೊಳ್ಳಿ. ಅದಕ್ಕೆ ಶುರು, ನಡು, ಕೊನೆ ತಾನಾಗಿಯೇ ಇರುತ್ತದೆ. ಒಂದು ಸಲ ಪಕ್ಕದ ಓಣಿಯ ಅಜ್ಜಿ ಜೋಳದ ರೊಟ್ಟಿ ಮಾಡುವುದನ್ನು ಹಿಡಿದೆವು. ಹಿಂದಿನ ದಿನವೇ ಹೋಗಿ ಒಪ್ಪಿಗೆ ಕೇಳಿದ್ದೆವು.

ನಾನು ಸದ್ದಿನಿಂದಲೇ ಶುರು ಮಾಡುತ್ತೇನೆ. ಚಿತ್ರ ಸ್ವಲ್ಪ ಮಸುಕಾದರೆ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಅಡುಗೆಮನೆಗೆ ಹೋದ ಮೇಲೆ ಎರಡು ನಿಮಿಷ ಎಲ್ಲರೂ ಸುಮ್ನೆ ಕಣ್ಣು ಮುಚ್ಚಿ ಕೂರಬೇಕು. ಆಗ ಫ್ಯಾನು, ಫ್ರಿಜ್ಜು, ಹೊರಗಿನ ಟ್ರ್ಯಾಕ್ಟರು ಎಲ್ಲ ಕೇಳಿಸುತ್ತವೆ. ಆರಿಸಬಹುದಾದ್ದನ್ನು ಆರಿಸಿ. ಇನ್ನೊಂದು ಫೋನಿನಲ್ಲಿ ವಾಯ್ಸ್ ರೆಕಾರ್ಡರ್ ಹಾಕಿ, ಮಾತಾಡುವವರ ಬಾಯಿಂದ ಒಂದು ಗೇಣು ದೂರದಲ್ಲಿಡಿ. ಕ್ಯಾಮೆರಾ ಮುಂದೆ ಒಮ್ಮೆ ಚಪ್ಪಾಳೆ ತಟ್ಟಿ. ಎಡಿಟ್ ಮಾಡುವಾಗ ಆ ಸದ್ದನ್ನೂ ಕೈ ಕೂಡಿದ ಚಿತ್ರವನ್ನೂ ಹೊಂದಿಸಿದರೆ ಮಾತು ತುಟಿಗೆ ಕೂರುತ್ತದೆ. ಕೊನೆಗೆ ಯಾರೂ ಮಾತಾಡದೆ ಆ ಕೋಣೆಯ ಸದ್ದನ್ನಷ್ಟೇ 30 ಸೆಕೆಂಡ್ ರೆಕಾರ್ಡ್ ಮಾಡಿ. ಕತ್ತರಿಸಿದ ಜಾಗಗಳನ್ನು ಮುಚ್ಚಲು ಅದು ಬೇಕೇ ಬೇಕು.

ಶೂಟಿಂಗ್‌ಗೆ ಫೋನನ್ನು ಅಡ್ಡ ಹಿಡಿಯಿರಿ. ಝೂಮ್ ಬೇಡ, ಹತ್ತಿರ ಹೋಗಿ. ಪ್ರತಿ ಶಾಟ್ 10 ಸೆಕೆಂಡ್ ಅಲುಗಾಡದೆ ಇರಲಿ. ಬಾಗಿಲಿಂದ ಇಡೀ ಅಡುಗೆಮನೆ, ಹಿಟ್ಟು ನಾದುವ ಕೈ, ಅಜ್ಜಿಯ ಮುಖ, ಅವರು ನೋಡುತ್ತಿರುವ ಹಂಚು. ಒಲೆಯ ಬೆಂಕಿ ಹೆಚ್ಚುಕಡಿಮೆ ಆದಾಗಲೆಲ್ಲ ಚಿತ್ರದ ಬೆಳಕೂ ಕುಣಿಯುತ್ತದೆ. ಪರದೆಯ ಮೇಲೆ ಬೆರಳು ಒತ್ತಿ ಹಿಡಿದರೆ ಹೆಚ್ಚಿನ ಫೋನುಗಳಲ್ಲಿ ಬೆಳಕು ಲಾಕ್ ಆಗುತ್ತದೆ. ಟ್ಯೂಬ್‌ಲೈಟ್ ಕೆಳಗೆ ಪಟ್ಟಿ ಪಟ್ಟಿ ಬಂದರೆ ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ (ಎಲ್ಲವನ್ನೂ ನಾವೇ ಹೊಂದಿಸುವ ಮೋಡ್) ಶಟರ್ 1/50 ಅಥವಾ 1/100 ಸೆಕೆಂಡಿಗೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಅಲ್ವಾ, ಅದಕ್ಕೆ.

ಎಡಿಟಿಂಗ್‌ಗೆ ಕಂಪ್ಯೂಟರಿನಲ್ಲಿ ಕೆಡೆನ್‌ಲೈವ್ ಅನ್ನೋ ಸಾಫ್ಟ್‌ವೇರ್ ಬಳಸುತ್ತೇವೆ, ದುಡ್ಡು ಕೊಡಬೇಕಿಲ್ಲ. ಮೊದಲು ಮಾತನ್ನು ಜೋಡಿಸಿ, ಆಮೇಲೆ ಅದರ ಮೇಲೆ ಚಿತ್ರ ಕೂರಿಸಿ. ಶೀರ್ಷಿಕೆಯನ್ನು ಯೂನಿಕೋಡ್‌ನಲ್ಲೇ, ಅಂದರೆ ಯಾವ ಫೋನು, ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ವ್ಯವಸ್ಥೆಯಲ್ಲೇ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದನ್ನು ಅಂಟಿಸಿದರೆ ಕನ್ನಡದ ಬದಲು ಏನೇನೋ ಚಿಹ್ನೆ ಬರುತ್ತವೆ. ನೋಟೊ ಸಾನ್ಸ್ ಕನ್ನಡ ಫಾಂಟ್ ಚೆನ್ನಾಗಿ ಕಾಣುತ್ತದೆ.

ಸಂಜೆ ಆರಕ್ಕೆ ಎಷ್ಟು ಮುಗಿದಿದೆಯೋ ಅಷ್ಟನ್ನೇ ಎಲ್ಲರೆದುರು ತೋರಿಸಿ. ವಿಡಿಯೊದಲ್ಲಿ ಇರುವವರನ್ನು ಮುಂದಿನ ಸಾಲಿನಲ್ಲೇ ಕೂರಿಸಿ. ಅಜ್ಜಿ ಪೂರ್ತಿ ನೋಡಿ, “ರೊಟ್ಟಿ ಉಬ್ಬಿದ್ದ ತೋರಿಸಿಲ್ಲಲ್ಲೋ ಯಪ್ಪಾ” ಅಂದರು. ನಮ್ಮಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ. ಮರುದಿನ ಬೆಳಿಗ್ಗೆ ಆರೂವರೆಗೆ ಆ ತಂಡದ ನಾಲ್ವರೂ ಮತ್ತೆ ಅವರ ಒಲೆಯ ಮುಂದಿದ್ದರು.