ಮನಸ್ಸಿನ ಮಾತಿಗೂ ಮುಂಚೆ ಪಹಣಿ

ಮಂಡ್ಯ ಜಿಲ್ಲೆಯಲ್ಲಿ 2015ರ ಮುಂಗಾರಿನ ಹೊತ್ತಿಗೆ ರೈತರ ಸಾವಿನ ಸುದ್ದಿ ಒಂದರ ಹಿಂದೆ ಒಂದು ಬರತೊಡಗಿತು. ಕಬ್ಬಿನ ಬಾಕಿ ಬಂದಿರಲಿಲ್ಲ, ಕೈಸಾಲದ ಬಡ್ಡಿ ನಿಂತಿರಲಿಲ್ಲ. ನಾಯಕರು ಬಂದು ಹೋದರು, ಕ್ಯಾಮೆರಾಗಳೂ ಬಂದು ಹೋದವು. ತಿಥಿ ಮುಗಿದ ಮೇಲೆ ಮನೆಯಲ್ಲಿ ಉಳಿದದ್ದು ಹೆಂಡತಿ, ವಯಸ್ಸಾದ ಅತ್ತೆ, ಶಾಲೆಗೆ ಹೋಗುವ ಮಕ್ಕಳು ಮತ್ತು ಸಾಲ. ಸಮಾಜಕಾರ್ಯ ಓದಿದ್ದ ನಾನು ಇಂಥ ಮನೆಗಳಿಗೆ ಹೋಗತೊಡಗಿದ್ದು ಆಗಲೇ.

ಆಪ್ತಸಮಾಲೋಚಕಿ ಎಂದು ಹೇಳಿಕೊಂಡು ಹೋದರೆ ಯಾರೂ ಬಾಯಿ ಬಿಡುವುದಿಲ್ಲ. ಹೊರಗಿನವರ ಮುಂದೆ ಸಂಕಟ ತೋಡಿಕೊಂಡರೆ ಮನೆಯ ಮರ್ಯಾದೆ ಹೋಗುತ್ತದೆ ಎಂಬ ಅಂಜಿಕೆ. ಹಾಗಾಗಿ ನಾನು ಮೊದಲು ಕೇಳುವುದು ಕಾಗದಪತ್ರ. ಸರ್ಕಾರದ 5 ಲಕ್ಷ ರೂಪಾಯಿ ಪರಿಹಾರ ಸಿಗಬೇಕಾದರೆ ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ, ಪಹಣಿ, ಸಾಲದ ದಾಖಲೆ ಎಲ್ಲವೂ ಉಪವಿಭಾಗಾಧಿಕಾರಿಗಳ ಸಮಿತಿಯ ಮುಂದೆ ಹೋಗಬೇಕು. ಪಹಣಿ ಎಷ್ಟೋ ಮನೆಗಳಲ್ಲಿ ಇನ್ನೂ ಮಾವನ ಹೆಸರಿನಲ್ಲೇ ಇರುತ್ತದೆ. ಕೈಸಾಲಕ್ಕೆ ಒಂದು ಚೀಟಿಯೂ ಇರುವುದಿಲ್ಲ. ಹೆಣ್ಣುಮಗಳು ಒಳಗಿನಿಂದ ಪ್ಲಾಸ್ಟಿಕ್ ಕವರ್ ತಂದು ಚಾಪೆಯ ಮೇಲೆ ಸುರಿಯುತ್ತಾಳೆ: ಸೊಸೈಟಿಯ ಪಾಸ್‌ಬುಕ್, ಗೊಬ್ಬರದಂಗಡಿಯ ಬಿಲ್ಲು, ಓಲೆ ಗಿರವಿ ಇಟ್ಟ ಚೀಟಿ. ಒಂದೊಂದನ್ನೇ ಬಿಡಿಸಿ ಜೋಡಿಸುತ್ತಿದ್ದರೆ, ಯಾವ ಚೀಟಿ ಯಾವ ದಿನದ್ದು, ಆ ದಿನ ಅವರು ಊಟ ಮಾಡಿದ್ದರೋ ಇಲ್ಲವೋ ಎಂಬುದೆಲ್ಲ ತಾನಾಗಿ ಹೊರಬರುತ್ತದೆ. ಹೊಟ್ಟೆಪಾಡಿಗೆ ಹೆಗಲು ಕೊಡದವರಿಗೆ ಮನಸ್ಸಿನ ಬಗ್ಗೆ ಕೇಳುವ ಅಧಿಕಾರವಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಒಬ್ಬಳೇ ಎಷ್ಟು ಮನೆ ಸುತ್ತಲು ಸಾಧ್ಯ? ಆಶಾ ಕಾರ್ಯಕರ್ತೆಯರ ತಲೆಯ ಮೇಲೆ ಆಗಲೇ ಹೊರಲಾರದಷ್ಟು ಕೆಲಸವಿತ್ತು. ನಾವು ಸ್ವಸಹಾಯ ಸಂಘಗಳಲ್ಲಿ ಹುಡುಕಿದೆವು. ಪ್ರತಿ ಬೀದಿಯಲ್ಲೂ ಹೆಂಗಸರು ಕಷ್ಟ ಹೇಳಿಕೊಳ್ಳಲು ಹೋಗುವ ಒಬ್ಬ ಅಕ್ಕ ಇದ್ದೇ ಇರುತ್ತಾಳೆ. ಕಿವಿಗೆ ಬಿದ್ದದ್ದನ್ನು ಇನ್ನೊಂದು ಮನೆಗೆ ದಾಟಿಸದವಳು. ಅಂಥವರನ್ನೇ ಆರಿಸಿಕೊಂಡೆವು, ಓದು ಎಷ್ಟಾಗಿದೆ ಎಂದು ಕೇಳಲಿಲ್ಲ. ಜಿಂಬಾಬ್ವೆಯ ಹರಾರೆಯಲ್ಲಿ 2006ರಿಂದ ತರಬೇತಿ ಪಡೆದ ಅಜ್ಜಿಯರು ಬೆಂಚಿನ ಮೇಲೆ ಕೂತು ಇದೇ ಕೆಲಸ ಮಾಡುತ್ತಿದ್ದಾರೆ ಎಂದು ಹೇಳಿದಾಗ ನಮ್ಮ ಅಕ್ಕಂದಿರ ಮುಖ ಅರಳಿತು.

ತರಬೇತಿಗೆ ವಿಶ್ವ ಆರೋಗ್ಯ ಸಂಸ್ಥೆಯ ‘ಪ್ರಾಬ್ಲಮ್ ಮ್ಯಾನೇಜ್‌ಮೆಂಟ್ ಪ್ಲಸ್’ ಕ್ರಮವನ್ನು ಹಿಡಿದೆವು. ಸಂಘರ್ಷದಿಂದ ನಲುಗಿದ ಪಾಕಿಸ್ತಾನದ ಪೆಶಾವರದಂಥ ಕಡೆಯೂ ಪರೀಕ್ಷಿಸಿ ನೋಡಿದ ಕ್ರಮವಿದು. ವಾರಕ್ಕೊಂದರಂತೆ ಐದು ಭೇಟಿ. ನಿಧಾನವಾಗಿ ಉಸಿರಾಡುವುದು, ಕೈಗೆಟಕುವ ಒಂದು ಸಮಸ್ಯೆಯನ್ನು ಬಿಡಿಸಿ ನೋಡುವುದು, ನಿಂತುಹೋದ ಕೆಲಸಕ್ಕೆ ಮತ್ತೆ ಕೈಹಾಕುವುದು, ನೆರವಾಗುವವರ ಜೊತೆ ಕೊಂಡಿ ಉಳಿಸಿಕೊಳ್ಳುವುದು. ಇವುಗಳಲ್ಲಿ ಮೂರನೆಯದು ನಮ್ಮ ಕಡೆ ಹೆಚ್ಚು ಫಲ ಕೊಟ್ಟಿದೆ. ಗಂಡ ತೀರಿಕೊಂಡ ಮೇಲೆ ಡೇರಿಗೆ ಹಾಲು ಹಾಕಲು ಮಗನನ್ನು ಕಳಿಸುತ್ತಿದ್ದ ಒಬ್ಬಳಿದ್ದಳು. ಬೀದಿಯ ನೋಟಗಳನ್ನು ದಾಟಿ ಕ್ಯಾನು ಹಿಡಿದು ನಡೆಯುವುದು ಅವಳಿಂದ ಆಗುತ್ತಿರಲಿಲ್ಲ. ಮೊದಲ ವಾರ ಕೊಟ್ಟಿಗೆಯಲ್ಲಿ ತಾನೇ ಹಾಲು ಕರೆಯುವುದು ಮಾತ್ರ. ಮುಂದಿನ ವಾರ ಕತ್ತಲಿರುವಾಗಲೇ ಅಕ್ಕನ ಜೊತೆ ಡೇರಿಯವರೆಗೆ. ಆಮೇಲೆ ಸಂಜೆ, ಎಲ್ಲರೂ ಸಾಲಿನಲ್ಲಿ ನಿಂತಿರುವ ಹೊತ್ತಿಗೆ. ಡೇರಿಯ ಪುಸ್ತಕದಲ್ಲಿ ಗಂಡನ ಹೆಸರು ತೆಗೆದು ತನ್ನ ಹೆಸರು ಬರೆಸಿದ ದಿನ ಆಕೆ ಅಕ್ಕನ ಮನೆಗೆ ಹೋಗಿ ಹೊಟ್ಟೆತುಂಬ ಅತ್ತಳಂತೆ. ನಿದ್ದೆ ಬರಲು ಶುರುವಾದದ್ದು ಆಮೇಲೆ.

ತರಬೇತಿಯಲ್ಲಿ ಎಲ್ಲರೂ ತಡವರಿಸುವುದು ಒಂದೇ ಕಡೆ. “ಸಾಯಬೇಕು ಅನ್ನಿಸುತ್ತಿದೆಯಾ ಎಂದು ನಾವೇ ಕೇಳಿದರೆ ನೆನಪು ಮಾಡಿಕೊಟ್ಟಂತೆ ಆಗುವುದಿಲ್ಲವೇ ಮೇಡಂ?” ಆಗುವುದಿಲ್ಲ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಬಚ್ಚಿಟ್ಟುಕೊಂಡವರಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ. ನಾಲಿಗೆ ಹೊರಳುವವರೆಗೆ ಆ ಪ್ರಶ್ನೆಯನ್ನು ಒಬ್ಬರಿಗೊಬ್ಬರು ಕೇಳಿಸುತ್ತೇವೆ. ಹೌದು ಎಂಬ ಉತ್ತರ ಬಂದರೆ ಮನೆಯಲ್ಲಿರುವ ಕೀಟನಾಶಕವನ್ನೆಲ್ಲ ಅಂದೇ ಹೊರಗೆ ಸಾಗಿಸಬೇಕು, ಅವರನ್ನು ಒಬ್ಬರೇ ಬಿಡಬಾರದು, ಹಗಲಾಗಲಿ ರಾತ್ರಿಯಾಗಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಬೇಕು. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮನೋಚೈತನ್ಯ ಕ್ಲಿನಿಕ್‌ಗೆ ಅಕ್ಕನೇ ಜೊತೆಗೆ ಹೋಗುತ್ತಾಳೆ. ಪೊಲೀಸ್ ಕೇಸಿನ ಭಯಕ್ಕೆ ಮುಚ್ಚಿಡುವ ಮನೆಗಳು ಈಗಲೂ ಇವೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಈ ಮಾತನ್ನು ನಾವು ಮನೆಮನೆಗೆ ಮುಟ್ಟಿಸುತ್ತೇವೆ.

2024ರ ಸೆಪ್ಟೆಂಬರ್‌ನಲ್ಲಿ ನಾಗಮಂಗಲದಲ್ಲಿ ಗಣೇಶ ಮೆರವಣಿಗೆಯ ವೇಳೆ ಗಲಭೆಯಾಗಿ ಅಂಗಡಿಗಳು ಸುಟ್ಟಾಗ ನಮ್ಮ ಅಕ್ಕಂದಿರು ಕೇಳಿದ್ದು, ಇಂಥ ಕಡೆ ಏನು ಮಾಡಬೇಕು ಎಂದು. ನಾನು ಹೇಳಿದ್ದು ಇಷ್ಟೇ: ಏನಾಯಿತು, ಯಾರು ಮಾಡಿದರು ಎಂದು ಕೆದಕಬೇಡಿ. ನಡೆದದ್ದನ್ನು ಬಲವಂತದಿಂದ ಹೇಳಿಸುವುದರಿಂದ ಗಾಯ ಮಾಯುವುದಿಲ್ಲ. ಕುಡಿಯಲು ನೀರಿದೆಯಾ, ಮಕ್ಕಳು ಮಲಗುತ್ತಿದ್ದಾರಾ, ಊರು ಬಿಟ್ಟು ಹೋದವರ ಸುದ್ದಿ ಸಿಕ್ಕಿದೆಯಾ ಎಂದು ಕೇಳಿ. ಎರಡೂ ಕಡೆಯ ಮನೆಗಳಲ್ಲಿ ಅದೇ ಪ್ರಶ್ನೆ, ಅದೇ ದನಿ.

ಈ ಕೆಲಸವನ್ನು ವಿಸ್ತರಿಸಿ ಎಂದು ಎಲ್ಲರೂ ಹೇಳುತ್ತಾರೆ. ಹೆಚ್ಚಿನವರ ಮನಸ್ಸಿನಲ್ಲಿರುವುದು ಇನ್ನಷ್ಟು ತರಬೇತಿ ಶಿಬಿರ, ಇನ್ನಷ್ಟು ಪ್ರಮಾಣಪತ್ರ. ಅದಕ್ಕೆ ನಾನು ಒಪ್ಪುವುದಿಲ್ಲ. ತಪ್ಪದೆ ನಡೆಯಬೇಕಾದದ್ದು ವಾರದ ಸಭೆ: ಯಾವ ಮನೆ ಭಾರವಾಗಿದೆ, ಯಾರಿಗೆ ವೈದ್ಯರು ಬೇಕು, ಯಾವ ಅಕ್ಕನಿಗೇ ಈ ವಾರ ಬಿಡುವು ಬೇಕು ಎಂದು ಕೂತು ಮಾತಾಡುವುದು. ಇನ್ನೊಬ್ಬರ ದುಃಖ ಕೇಳಿ ಮನೆಗೆ ಹೋದವಳಿಗೆ ಅಲ್ಲಿ ತನ್ನದೇ ಸಾಲ, ತನ್ನದೇ ಮೈಕ್ರೋ ಫೈನಾನ್ಸ್ ಕಂತು ಕಾದಿರುತ್ತದೆ. ಸಭೆ ನಡೆಸಬಲ್ಲ ಹಿರಿಯಳೊಬ್ಬಳು ತಯಾರಾಗದೆ ಹೊಸ ಹಳ್ಳಿಗೆ ನಾವು ಕಾಲಿಡುವುದಿಲ್ಲ. ಈ ಹೆಂಗಸರಿಗೆ ಗೌರವಧನವೂ ಬೇಕೇ ಬೇಕು. ಸೇವೆ ಎಂಬ ಹೆಸರಿನಲ್ಲಿ ಬಡವರಿಂದ ಪುಕ್ಕಟೆ ದುಡಿಸಿಕೊಳ್ಳುವುದು ಅನ್ಯಾಯ.

ಗಂಡಸರನ್ನು ತಲುಪುವುದು ಇನ್ನೂ ಕಷ್ಟ. ಅವರು ನಮ್ಮ ಅಕ್ಕಂದಿರ ಬಳಿ ಬರುವುದಿಲ್ಲ. ಅದಕ್ಕಾಗಿ ಈಗ ಗೊಬ್ಬರ ಮತ್ತು ಕೀಟನಾಶಕದ ಅಂಗಡಿಯವರನ್ನೂ, ಡೇರಿ ಕಾರ್ಯದರ್ಶಿಗಳನ್ನೂ ಕೂರಿಸಿ ಮಾತಾಡುತ್ತಿದ್ದೇವೆ. ಬೆಳೆಯೇ ಇಲ್ಲದ ಹೊತ್ತಿನಲ್ಲಿ, ಕುಡಿದ ಮತ್ತಿನಲ್ಲಿ ಒಬ್ಬ ಬಂದು ಔಷಧಿ ಕೇಳಿದರೆ ಕೊಡದೆ, “ಕೂತ್ಕೊಳ್ಳಿ ಅಣ್ಣ, ಮೊದಲು ಟೀ ಕುಡಿಯೋಣ” ಎಂದು ತಡೆದು, ಮನೆಯವರಿಗೆ ಫೋನ್ ಮಾಡುವುದನ್ನು ಕಲಿಸುತ್ತಿದ್ದೇವೆ. ಕೆಲವು ಅಂಗಡಿಯವರು ಒಪ್ಪಿ 14416 ಸಂಖ್ಯೆಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿಕೊಂಡಿದ್ದಾರೆ. ವ್ಯಾಪಾರ ಕೆಡುತ್ತದೆ ಎನ್ನುವವರೂ ಇದ್ದಾರೆ. ಅವರ ಅಂಗಡಿಗಳಿಗೆ ಮತ್ತೆ ಮತ್ತೆ ಹೋಗುತ್ತಿದ್ದೇವೆ.