ಪೊಟರೆಯ ಮರ ಕಡತಕ್ಕೆ ಬರುವವರೆಗೆ: ಮಂಗಟ್ಟೆಗಳೊಂದಿಗೆ ನನ್ನ ಅನುಭವ

ಅರಣ್ಯ ಇಲಾಖೆಯ ವನ್ಯಜೀವಿ ಜೀವಶಾಸ್ತ್ರಜ್ಞ ಎಂದರೆ ಹುಲಿ, ಆನೆಗಳ ಲೆಕ್ಕ ಇಡುವವರು ಎಂಬ ಭಾವನೆ ಇಲಾಖೆಯ ಒಳಗೂ ಇದೆ, ಹೊರಗೂ ಇದೆ. ಈ ಹುದ್ದೆಗಳು ಹೆಚ್ಚಾಗಿ ಹುಲಿ ಸಂರಕ್ಷಿತ ಪ್ರದೇಶಗಳ ಸುತ್ತಲೇ ಹುಟ್ಟಿಕೊಂಡಿರುವುದರಿಂದ ಅದು ಸಹಜವೂ ಹೌದು. ನಾನು ಕೆಲಸ ಮಾಡುತ್ತ ಬಂದ ದಾಂಡೇಲಿ–ಜೊಯಿಡಾ ಭಾಗದ ಕಾಡು 2007ರಲ್ಲಿ ಅಣಶಿ–ದಾಂಡೇಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿ ಎಂಬ ಹೆಸರು ಪಡೆಯಿತು. ಆದರೆ ಈ ಸೀಮೆಗೆ ಇನ್ನೊಂದು ಹೆಚ್ಚುಗಾರಿಕೆಯಿದೆ. ದೊಡ್ಡ ಮಂಗಟ್ಟೆ, ಮಲಬಾರಿನ ಕಪ್ಪು-ಬಿಳಿ ಮಂಗಟ್ಟೆ, ಮಲಬಾರಿನ ಬೂದು ಮಂಗಟ್ಟೆ ಮತ್ತು ಸಾಮಾನ್ಯ ಬೂದು ಮಂಗಟ್ಟೆ, ಈ ನಾಲ್ಕೂ ಮಂಗಟ್ಟೆ, ಅಂದರೆ ಹಾರ್ನ್‌ಬಿಲ್, ಹಕ್ಕಿಗಳು ಇಲ್ಲಿ ಒಟ್ಟಿಗೆ ಸಿಗುತ್ತವೆ. 2011ರಲ್ಲಿ ಸರ್ಕಾರ ಸುಮಾರು 52 ಚದರ ಕಿಲೋಮೀಟರ್ ಕಾಡನ್ನು ದಾಂಡೇಲಿ ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದು ಈ ಕಾರಣದಿಂದಲೇ. ಹುಲಿ ಗಣತಿಯ ಕೆಲಸದ ನಡುವೆಯೇ ನಾನು ಮಂಗಟ್ಟೆಗಳ ಕಡೆಗೆ ತಿರುಗಿದೆ. ಆ ಮೇಲೆ ನನ್ನ ವೃತ್ತಿಯ ಮುಖ್ಯ ಭಾಗ ಅದೇ ಆಯಿತು.

ಮಂಗಟ್ಟೆಯ ಅಧ್ಯಯನವೆಂದರೆ ಮೊದಲಿಗೆ ಮರದ ಅಧ್ಯಯನ. ಮರಕುಟಿಗದಂತೆ ಈ ಹಕ್ಕಿ ತನ್ನ ಗೂಡನ್ನು ತಾನೇ ಕೊರೆಯಲಾರದು. ಕೊಂಬೆ ಮುರಿದ ಜಾಗದಲ್ಲಿ ನೀರಿಳಿದು, ಒಳಗಿನ ತಿರುಳು ಕೊಳೆತು, ಎಷ್ಟೋ ವರ್ಷಗಳಲ್ಲಿ ತಾನಾಗಿ ಆದ ಪೊಟರೆಯೇ ಅದಕ್ಕೆ ಬೇಕು. ದೊಡ್ಡ ಮಂಗಟ್ಟೆ ಸುಮಾರು ಮೂರು ಕಿಲೋ ತೂಗುವ ಹಕ್ಕಿಯಾದ್ದರಿಂದ ಅದು ಹಿಡಿಸುವಷ್ಟು ಪೊಟರೆ ದಪ್ಪನೆಯ ಹಳೆಯ ಮರದಲ್ಲಿ ಮಾತ್ರ ಸಾಧ್ಯ. ಹಣ್ಣು ಕಡಿಮೆಯಾದ ವರ್ಷ ಹಕ್ಕಿ ದೂರ ಹಾರಿ ಹೋಗಿ ಮೇಯ್ದು ಬರಬಹುದು, ಪೊಟರೆ ಇಲ್ಲದ ವರ್ಷ ಅದಕ್ಕೆ ಬೇರೆ ದಾರಿಯಿಲ್ಲ. ಹೀಗಾಗಿ ನನ್ನ ಕೆಲಸದ ಬಹುಪಾಲು ಗೂಡಿನ ಮರಗಳನ್ನು ಹುಡುಕುವುದು, ಗುರುತಿಸುವುದು ಮತ್ತು ಪ್ರತಿ ವರ್ಷ ಅವೇ ಮರಗಳ ಬಳಿಗೆ ಹಿಂತಿರುಗುವುದು.

ಹುಡುಕುವ ವಿದ್ಯೆಯನ್ನು ನನಗೆ ಕಲಿಸಿದವರು ಇಲ್ಲಿನ ಕುಣಬಿ ಸಮುದಾಯದ ವಾಚರ್‌ಗಳು, ಅಂದರೆ ಕಾಡಿನ ಕಾವಲುಗಾರರು. ಪುಸ್ತಕದಲ್ಲಿ ಓದಿ ಬಂದಿದ್ದ ನನಗೆ ಹಕ್ಕಿಯ ಹಿಂದೆ ಹೋಗಬೇಕೆಂಬುದು ಗೊತ್ತಿತ್ತು, ಯಾವ ಹಕ್ಕಿಯ ಹಿಂದೆ ಎಂಬುದು ಗೊತ್ತಿರಲಿಲ್ಲ. ಜನವರಿ, ಫೆಬ್ರವರಿಯ ನಂತರ ಜೋಡಿಯಾಗಿ ತಿರುಗುತ್ತಿದ್ದ ಹಕ್ಕಿಗಳಲ್ಲಿ ಗಂಡು ಒಂಟಿಯಾಗಿ ಕಾಣಿಸಿಕೊಳ್ಳತೊಡಗಿದರೆ ಹೆಣ್ಣು ಪೊಟರೆ ಸೇರಿದೆ ಎಂದೇ ಅರ್ಥ. ದೊಡ್ಡ ಮಂಗಟ್ಟೆಯಲ್ಲಿ ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಬಿಳಿ. ಹಣ್ಣಿನ ಮರದಲ್ಲಿ ದುರ್ಬೀನು ಹಿಡಿದು ಕಣ್ಣಿನ ಬಣ್ಣವನ್ನು ಖಚಿತಪಡಿಸಿಕೊಂಡು, ಕೆಂಪು ಕಣ್ಣಿನ ಒಂಟಿ ಹಕ್ಕಿ ಗಂಟಲು ತುಂಬಿಕೊಂಡು ಯಾವ ದಿಕ್ಕಿಗೆ ಹಾರಿತು ಎಂದು ನೋಡಬೇಕು. ದೊಡ್ಡ ಮಂಗಟ್ಟೆ ಹಾರುವಾಗ ರೆಕ್ಕೆಯಿಂದ ಏಳುವ ಸದ್ದು ಬಹಳ ದೂರದವರೆಗೆ ಕೇಳಿಸುತ್ತದೆ. ಮರಗಳ ಮರೆಯಲ್ಲಿ ಹಕ್ಕಿ ಕಾಣದಾದ ಮೇಲೆ ವಾಚರ್‌ಗಳು ಆ ಸದ್ದು ನಿಂತ ಜಾಗವನ್ನು ಅಂದಾಜು ಮಾಡುತ್ತಿದ್ದರು.

ಗೂಡು ಸಿಕ್ಕ ಮೇಲೆ ಕೆಲಸ ನಿಧಾನವಾಗುತ್ತದೆ. ಬೆಳಗಿನ ಜಾವವೇ ಹೋಗಿ, ಗಂಡಿನ ಕಣ್ಣಿಗೆ ಬೀಳದಂತೆ ಸಾಕಷ್ಟು ದೂರದಲ್ಲಿ ಮರೆ ಕಟ್ಟಿ ಕೂರಬೇಕು. ಮನುಷ್ಯರು ಕಂಡರೆ ಗಂಡು ಹತ್ತಿರದ ಮರದಲ್ಲೇ ಕುಳಿತು ಕಾಯುತ್ತದೆ. ಅದು ಕಾದಷ್ಟು ಹೊತ್ತೂ ಒಳಗಿರುವ ಹೆಣ್ಣಿಗೂ ಮರಿಗೂ ಉಪವಾಸ. ಹೆಣ್ಣು ತನ್ನ ಹಿಕ್ಕೆ ಮತ್ತು ಹಣ್ಣಿನ ತಿರುಳನ್ನು ಮೆತ್ತಿ ಪೊಟರೆಯ ಬಾಯನ್ನು ಮುಚ್ಚಿಕೊಂಡಿರುತ್ತದೆ, ಕೊಕ್ಕಿನ ತುದಿ ತೂರುವಷ್ಟು ಉದ್ದನೆಯ ಸೀಳು ಮಾತ್ರ ಉಳಿದಿರುತ್ತದೆ. ಗಂಡು ಬಂದು ಕಾಂಡಕ್ಕೆ ಒತ್ತಿಕೊಂಡು ಕುಳಿತು, ಕತ್ತನ್ನು ಅಲುಗಿಸಿ ಗಂಟಲಿನಿಂದ ಒಂದು ಹಣ್ಣನ್ನು ಕೊಕ್ಕಿನ ತುದಿಗೆ ತಂದು ಸೀಳಿನೊಳಗೆ ನೀಡುತ್ತದೆ. ಮತ್ತೆ ಕತ್ತು ಅಲುಗಿಸಿ ಇನ್ನೊಂದು. ನಮ್ಮ ನಮೂನೆಯಲ್ಲಿ ಗಂಡು ಬಂದ ಸಮಯ, ಹೋದ ಸಮಯ, ಕೊಟ್ಟ ಹಣ್ಣಿನ ಜಾತಿ, ಎಷ್ಟು ಹಣ್ಣು, ಹಣ್ಣಲ್ಲದೆ ಹಲ್ಲಿ ಅಥವಾ ಕೀಟ ತಂದಿತೇ, ಸುತ್ತ ಜನರ ಓಡಾಟ ಇತ್ತೇ ಎಂಬ ಅಂಕಣಗಳಿವೆ. ಆಲ, ಅತ್ತಿ, ಬಸರಿಯಂಥ ಮರಗಳ ಹಣ್ಣುಗಳೇ ಹೆಚ್ಚು. ಮರಿ ಬೆಳೆಯುವ ಹೊತ್ತಿಗೆ ರಾಮಪತ್ರೆಯಂಥ ಕೊಬ್ಬಿನಂಶದ ಹಣ್ಣುಗಳೂ ಬರುತ್ತವೆ. ಕಪ್ಪು-ಬಿಳಿ ಮಂಗಟ್ಟೆಯಂತೂ ಕಾಸರಕದ ಹಣ್ಣನ್ನೂ ತಿನ್ನುತ್ತದೆ. ಆ ಮರದ ಬೀಜ ಎಂಥ ವಿಷವೆಂಬುದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ.

ದೂರದಿಂದ ಗುರುತು ಹತ್ತದ ಹಣ್ಣುಗಳ ಲೆಕ್ಕ ಗೂಡಿನ ಬುಡದಲ್ಲಿ ಸಿಗುತ್ತದೆ. ಒಳಗಿನಿಂದ ಸೀಳಿನ ಮೂಲಕ ಹೊರಬಿದ್ದ ಬೀಜಗಳು ಅಲ್ಲಿ ರಾಶಿಯಾಗಿರುತ್ತವೆ. ಮರಿ ಹಾರಿದ ಮೇಲೆ ಅವನ್ನು ಆರಿಸಿ, ತೊಳೆದು, ಒಣಗಿಸಿ ಜಾತಿವಾರು ಬೇರ್ಪಡಿಸುತ್ತೇವೆ. ಮಳೆ ಬಿದ್ದು ಕೆಲವು ದಿನಗಳಾದ ಮೇಲೆ ಅದೇ ಬುಡಕ್ಕೆ ಹೋದರೆ ಯಾವ ಜಾತಿಯ ಸಸಿ ಮೊಳೆತಿದೆ ಎಂಬುದೂ ತಿಳಿಯುತ್ತದೆ. ದೊಡ್ಡ ಬೀಜದ ಕಾಡುಮರಗಳನ್ನು ದೂರಕ್ಕೆ ಒಯ್ದು ಬಿತ್ತಬಲ್ಲ ಹಕ್ಕಿಗಳು ನಮ್ಮ ಕಾಡಿನಲ್ಲಿ ಬಹಳ ಇಲ್ಲ. ಆದ್ದರಿಂದ ಈ ಬೀಜದ ಪಟ್ಟಿಯನ್ನು ನಾನು ಗೂಡಿನ ದಾಖಲೆಯಷ್ಟೇ ಮುಖ್ಯವೆಂದು ಭಾವಿಸುತ್ತೇನೆ.

ಇಷ್ಟನ್ನು ಯಾವುದೇ ಸಂಶೋಧನಾ ವಿದ್ಯಾರ್ಥಿಯೂ ಮಾಡಬಲ್ಲ. ಸರ್ಕಾರಿ ಜೀವಶಾಸ್ತ್ರಜ್ಞರ ನಿಜವಾದ ಹೊಣೆ ಇದರ ನಂತರ ಶುರುವಾಗುತ್ತದೆ. ಪೊಟರೆಯಿರುವ ಮುದಿ ಮರ ನಾಟಾ ಲೆಕ್ಕದಲ್ಲಿ ಟೊಳ್ಳು ಮರ, ರಸ್ತೆ ಬದಿಯಲ್ಲಿದ್ದರೆ ಅಪಾಯದ ಮರ, ವಿದ್ಯುತ್ ಮಾರ್ಗದ ಕೆಳಗಿದ್ದರೆ ಅಡ್ಡಿಯ ಮರ. ಅದನ್ನು ತೆಗೆಯಲು ಕಾರಣ ಕೊಡುವುದು ಸುಲಭ, ಉಳಿಸಲು ಕಾರಣ ಬರವಣಿಗೆಯಲ್ಲಿ ಇರಲೇಬೇಕು. ಹಾಗಾಗಿ ಪ್ರತಿ ಗೂಡಿನ ಮರಕ್ಕೂ ಒಂದು ಸಂಖ್ಯೆ, ಅದರ ಬೀಟ್ (ಗಾರ್ಡ್ ಒಬ್ಬರ ಕಾವಲಿಗೆ ಸೇರಿದ ಕಾಡಿನ ಭಾಗ), ಜಿಪಿಎಸ್ ಸ್ಥಾನ, ಮರದ ಜಾತಿ, ಸುತ್ತಳತೆ, ಪೊಟರೆಯ ಎತ್ತರ ಮತ್ತು ಗೂಡು ಬಳಕೆಯಾದ ವರ್ಷಗಳನ್ನು ಬರೆದು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಕಳುಹಿಸಿ, ಅದು ಬೀಟ್ ನಕ್ಷೆಯಲ್ಲಿ ಸೇರುವವರೆಗೆ ಬೆನ್ನು ಹತ್ತುವುದನ್ನು ನಾನು ಕ್ರಮವಾಗಿಸಿಕೊಂಡೆ. ಅಧಿಕಾರಿಗಳು ವರ್ಗವಾಗುತ್ತಾರೆ, ಗಾರ್ಡ್‌ಗಳು ವರ್ಗವಾಗುತ್ತಾರೆ, ಗುತ್ತಿಗೆಯ ಮೇಲಿರುವ ಜೀವಶಾಸ್ತ್ರಜ್ಞರೂ ಬದಲಾಗುತ್ತಾರೆ. ನಕ್ಷೆಯ ಮೇಲಿನ ಗುರುತು ಮಾತ್ರ ಮುಂದೆ ಬಂದವರ ಕೈಗೆ ಸಿಗುತ್ತದೆ. ಪ್ರಬಂಧ ಪ್ರಕಟವಾದಾಗ ಆದ ಸಂತೋಷಕ್ಕಿಂತ, ರಸ್ತೆ ಕಾಮಗಾರಿಯ ಸ್ಥಳ ಪರಿಶೀಲನೆಯಲ್ಲಿ ಗಾರ್ಡ್ ಒಬ್ಬರು ತಾವಾಗಿಯೇ ನಕ್ಷೆ ತೆರೆದು "ಸಾರ್, ಈ ಮರ ಗೂಡಿನದು, ಇದನ್ನ ಮುಟ್ಟೋ ಹಾಗಿಲ್ಲ" ಎಂದಾಗ ಆದ ಸಂತೋಷ ದೊಡ್ಡದು.

ಈ ನಕ್ಷೆ ಕಚೇರಿಯಿಂದ ಹೊರಗೆ ಹೋಗಬಾರದು ಎಂಬುದು ನನ್ನ ಇನ್ನೊಂದು ಹಟ. ದಾಂಡೇಲಿಯ ಟಿಂಬರ್ ಡಿಪೋದಲ್ಲಿ ಕಪ್ಪು-ಬಿಳಿ ಮಂಗಟ್ಟೆಗಳು ಸುಲಭವಾಗಿ ಕಾಣಸಿಗುವುದರಿಂದ ಛಾಯಾಗ್ರಾಹಕರು ಬರುತ್ತಾರೆ, ಬರಲಿ. ಅಲ್ಲಿನ ಹಕ್ಕಿಗಳಿಗೆ ಜನರ ಓಡಾಟ ರೂಢಿಯಾಗಿದೆ. ಗೂಡಿನ ಮರದ ಮಾತು ಬೇರೆ. ಗಂಡು ತರುವ ಆಹಾರವನ್ನೇ ನಂಬಿ ಸೆರೆಯಲ್ಲಿರುವ ಹೆಣ್ಣಿನ ಮುಂದೆ ಕ್ಯಾಮೆರಾ ಹಿಡಿದು ನಿಲ್ಲುವುದನ್ನು ನಾನು ಯಾರಿಗೂ, ಎಷ್ಟೇ ದೊಡ್ಡವರ ಶಿಫಾರಸು ತಂದರೂ, ಒಪ್ಪಿಲ್ಲ.

ಈ ವೃತ್ತಿಗೆ ಬರಬೇಕೆನ್ನುವ ವಿದ್ಯಾರ್ಥಿಗಳು ಓದಿನ ಬಗ್ಗೆ ಕೇಳುತ್ತಾರೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ನಿರ್ವಹಣೆಯ ಸ್ನಾತಕೋತ್ತರ ವ್ಯಾಸಂಗವಿದೆ. ಡೆಹರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲೂ, ಕೊಯಮತ್ತೂರಿನ ಸಲೀಂ ಅಲಿ ಪಕ್ಷಿವಿಜ್ಞಾನ ಕೇಂದ್ರದಲ್ಲೂ ಸಂಶೋಧನೆಗೆ ಅವಕಾಶವಿದೆ. ಸಂಖ್ಯಾಶಾಸ್ತ್ರವನ್ನು ಚೆನ್ನಾಗಿ ಕಲಿಯಿರಿ, ಅದರ ಜೊತೆಗೆ ಕನ್ನಡದಲ್ಲಿ ಕಚೇರಿ ಟಿಪ್ಪಣಿ ಬರೆಯುವುದನ್ನೂ ಕಲಿಯಿರಿ ಎನ್ನುತ್ತೇನೆ. ನಮ್ಮ ಗಾರ್ಡ್ ಓದಿ ಅರ್ಥ ಮಾಡಿಕೊಳ್ಳಲಾಗದ ವರದಿಯಿಂದ ಒಂದು ಮರವೂ ಉಳಿಯುವುದಿಲ್ಲ.

ಕೇರಳದ ವಾಳಚ್ಚಾಲ್ ಕಾಡಿನಲ್ಲಿ ಕಾಡರ್ ಸಮುದಾಯದವರೇ ಮಂಗಟ್ಟೆ ಗೂಡುಗಳ ಕಾವಲು ಮತ್ತು ದಾಖಲೆಯ ಕೆಲಸ ಮಾಡುತ್ತಿದ್ದಾರೆ. ಅರುಣಾಚಲದಲ್ಲಿ ನ್ಯಿಶಿ ಜನರೂ ಅದನ್ನು ಮಾಡಿ ತೋರಿಸಿದ್ದಾರೆ. ನಮ್ಮ ಕಡೆಯ ಕುಣಬಿ ಮತ್ತು ಗೌಳಿ ಯುವಕರಿಗೆ ಗೂಡಿನ ಕಾಲದಲ್ಲಿ ಇದೇ ಕೆಲಸವನ್ನು ಸಂಬಳ ಕೊಟ್ಟು ವಹಿಸಬೇಕೆಂಬ ಟಿಪ್ಪಣಿಯನ್ನು ಈ ವರ್ಷದ ಕಾರ್ಯಯೋಜನೆಗೆ ಸೇರಿಸಲು ಬರೆದುಕೊಟ್ಟಿದ್ದೇನೆ. ಮುಂದಿನ ಜನವರಿಯಲ್ಲಿ ಹೆಣ್ಣುಗಳು ಪೊಟರೆ ಸೇರುವ ಮೊದಲೇ ಅವರ ತರಬೇತಿ ಮುಗಿದಿರಬೇಕು.